ಸೊನ್ನೆ

ಮಾಚೇನಹಳ್ಳಿಯ ತಗಡು ಕತ್ತರಿಸುವ ಶೆಡ್ಡಿನಲ್ಲಿ
ಇರ್ಷಾದ್ ತೋರಿಸಿದ:
ಮೀಟರಿನ ಕಣ್ಣಿಗೆ ಸಾಸಿವೆಯಷ್ಟು ತೂತು.
"ಚಿಕ್ಕದು, ಚುರುಕು ಅಂತ ಇದನ್ನೇ ಇಟ್ಟೆ, ಮೇಡಂ."

ಚುರುಕೇನೋ ಹೌದು. ಮಿಲಿವ್ಯಾಟಿಗೆ ಹುಟ್ಟಿದ ಜೀವ.
ಲಿಂಗನಮಕ್ಕಿಯ ಗೇಟು ತೆಗೆದಾಗ
ಕೆಳಗೆ ಚಮಚ ಹಿಡಿದೆಯಲ್ಲೋ ಮಾರಾಯ.

ಬ್ಯಾಗಿನಿಂದ ತೆಗೆದೆ ಕಪ್ಪು ಬಿಲ್ಲೆಯ ಮಂದನನ್ನು.
ಬಿಸಿ ಉಂಡು, ಅಂಚಿನವರೆಗೆ ಹರಿಸಿ,
ಮೂರು ಸೆಕೆಂಡು ಯೋಚಿಸಿ
ಒಂಬೈನೂರ ನಲವತ್ತು ಎಂದಿತು.
ಅಷ್ಟರಲ್ಲಿ ಹುಡುಗ ಎರಡು ಸಲ ವಾಚು ನೋಡಿದ್ದ.

ಮಧ್ಯಾಹ್ನ ದುರ್ಗಿಗುಡಿಯ ಕಣ್ಣಾಸ್ಪತ್ರೆ.
ಪೊರೆ ಸೀಳುವ ಲೇಸರು, ಒಂದೊಂದೇ ಮಿಡಿತ.
ಇಲ್ಲಿ ವ್ಯಾಟು ಕೇಳಬಾರದು,
ಒಂದೇಟಿಗೆ ಎಷ್ಟು ಜೂಲು, ಅದನ್ನು ಕೇಳಬೇಕು.
ಅದಕ್ಕೆ ಬೇರೆಯೇ ಹರಳು:
ಬದಲಾದರಷ್ಟೇ ಬೆಚ್ಚುತ್ತದೆ,
ಬಿಡದೆ ಸುರಿಯುವ ಬೆಳಕು ಅದಕ್ಕೆ ಸೊನ್ನೆ.

"ಅಂದರೆ ಸದಾ ಉರಿಯುವುದು
ಇಲ್ಲವೆಂದೇ ಲೆಕ್ಕವೇನ್ರಿ?"
ಡಾಕ್ಟರ್ ವಿಮಲಾಂಬ ನಕ್ಕರು.
ಹತ್ತೊಂಬತ್ತು ವರ್ಷದಿಂದ ಅದೇ ಕೋಣೆಯ
ಬಾಗಿಲು ತೆಗೆದು ದೀಪ ಹಾಕುವ
ಸಿಸ್ಟರ್ ಗ್ರೇಸಮ್ಮ ನಗಲಿಲ್ಲ.

ಎರಡು ಮಿಲಿಜೂಲು, ಸರಿಯಿದೆ ಎಂದು ಬರೆದು
ಸಹಿ ಹಾಕಿದೆ.
ಟೀ ತಂದವರೂ ಅವರೇ,
ದಪ್ಪ ಗಾಜಿನ ಲೋಟ.
ಬಿಸಿಯಿದೆಯೆಂದು ಬೆರಳಿಗೆ ತಿಳಿಯಲು
ಕೊಂಚ ಹೊತ್ತು ಹಿಡಿಯಿತು.