ಐನೂರನೆಯದು ಯಾವ ಅಂಗಿಯಲ್ಲಿ?

ಕಟಪಾಡಿ ಪೇಟೆಯಲ್ಲಿ ನನ್ನ ಹೊಲಿಗೆಯಂಗಡಿ.
ಪಂಥ ಕಟ್ಟಿದವರು ಬರುವುದು ಇಲ್ಲಿಗೇ,
ಪ್ಯಾಂಟಿನ ಕಾಲು ಗಿಡ್ಡ ಮಾಡಿಸುವ ನೆಪ ಹಿಡಿದು.
"ದೂಮಣ್ಣ, ಒಂದು ಸಣ್ಣ ಡೌಟು.
ಬಾಸಿಲ್ ಮೆನೆಜಸ್ ಆಡಿದ್ದು ಒಟ್ಟು ಎಷ್ಟು ಟೀಮಿಗೆ?"

ಹದಿನಾಲ್ಕು, ಎನ್ನುತ್ತೇನೆ, ಸೂಜಿಗೆ ನೂಲು ಪೋಣಿಸುತ್ತ.
ಹದಿಮೂರಲ್ಲವಾ?
ಅಲ್ಲ. ಶಂಕರಪುರದವರು ಜಗಳಾಡಿ ಎರಡಾದರಲ್ಲ,
ಅವನು ಎರಡಕ್ಕೂ ಆಡಿದ,
ಒಂದೇ ವಾರದಲ್ಲಿ, ಒಂದೇ ಬ್ಯಾಟಿನಲ್ಲಿ.

ಗೆಸ್ಟ್ ಪ್ಲೇಯರ್ ಎಂದರೆ ಹಾಗೆ.
ಶನಿವಾರ ಕಾಪುವಿನವರ ಕೆಂಪು, ಭಾನುವಾರ ಮಲ್ಪೆಯವರ ನೀಲಿ.
ಸೋತರೂ ಗೆದ್ದರೂ ಆರುನೂರು ರೂಪಾಯಿ,
ಬಸ್ಸಿನ ಚಾರ್ಜು ಬೇರೆ.
ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟುವುದು,
ಮುಂದಿನ ವಾರ ಅದೇ ಊರು ಎದ್ದು ನಿಂತು ಬೈಯುವುದು.

ಹದಿನಾಲ್ಕೂ ನಾನು ಹೊಲಿದದ್ದೇ.
ಮೊದಲನೆಯದಕ್ಕೆ ಎದೆಯಳತೆ ಮೂವತ್ತನಾಲ್ಕು,
ಕೊನೆಯದಕ್ಕೆ ನಲವತ್ತೆರಡು.
ಹೊಟ್ಟೆಯದು ಬರೆದಿಟ್ಟಿಲ್ಲ, ಮರ್ಯಾದೆಗೆ.
ಬೆನ್ನಿನ ಮೇಲೆ ಯಾವತ್ತೂ ಹತ್ತೊಂಬತ್ತು;
ಒಮ್ಮೆ ಮಾತ್ರ ಅದು ಪ್ರೆಸಿಡೆಂಟರ ಅಳಿಯನ ಪಾಲಾಗಿ
ತೊಂಬತ್ತೊಂದು.

ಹಗಲು ಹೊಲಿಗೆ, ರಾತ್ರಿ ನಾನು ಸ್ಕೋರು ಬರೆಯುವವ.
ಹಾಗಾಗಿ ಕೇಳಿ, ಬೇಕಾದ್ದು ಕೇಳಿ.
ನೂರನೇ ಸಿಕ್ಸರು ಉದ್ಯಾವರದಲ್ಲಿ, ಬಿಳಿ ಅಂಗಿ.
ಇನ್ನೂರನೆಯದು ಪಡುಬಿದ್ರಿ: ಚೆಂಡು ಹೋಗಿ ಬಿದ್ದದ್ದು
ಮದುವೆ ಹಾಲಿನ ಹಿಂದೆ ಸಾರಿನ ಕಡಾಯಿಗೆ,
ಮದುಮಗಳ ಮಾವ ತೊಳೆದು ವಾಪಸು ಕೊಟ್ಟ.
ಮುನ್ನೂರನೆಯದು ಸ್ವಂತ ತಮ್ಮನ ಬೌಲಿಂಗಿಗೆ.
ಆ ರಾತ್ರಿ ಅಮ್ಮ ಮೀನಿನ ತಲೆ ತಮ್ಮನಿಗೆ ಬಡಿಸಿದಳಂತೆ.
ನಾನ್ನೂರನೆಯದು ನೆನಪಿಲ್ಲ, ಪುಸ್ತಕದಲ್ಲಿದೆ.

ಐನೂರನೆಯದು?
ಅದಕ್ಕೆ ನನ್ನನ್ನು ಕೇಳುವ ಅಗತ್ಯವೇ ಇಲ್ಲ.
ಮಲ್ಪೆ, ಹೊನಲು ಬೆಳಕು, ಫೈನಲ್, ನೀಲಿ ಅಂಗಿ.
ಮೈಕಿನವ ಗಂಟಲು ಹರಿದುಕೊಂಡ, ಗರ್ನಾಲು ಸಿಡಿಯಿತು,
ಮೀನಿನ ಲಾರಿಯ ಮೇಲೆ ನಿಲ್ಲಿಸಿ ಮೆರವಣಿಗೆ ಮಾಡಿದರು.
ಕೊಟ್ಟ ಗೋಡೆ ಗಡಿಯಾರ ಇವತ್ತಿಗೂ
ಹತ್ತು ನಿಮಿಷ ಮುಂದೆ ಓಡುತ್ತದೆ.
ಸರಿ ಉತ್ತರ, ಎನ್ನುತ್ತೇನೆ.
ಸೋತವನು ಎಲ್ಲರಿಗೂ ಕಣ್ಣ ಚಾ, ಬನ್ಸ್ ತರಿಸುತ್ತಾನೆ.
ನನಗೂ ಒಂದು. ತಿನ್ನುತ್ತೇನೆ.

ತಿನ್ನುವಾಗ ಮಟ್ಟು ನೆನಪಾಗುತ್ತದೆ.
ಮಲ್ಪೆಗೆ ಎರಡು ದಿನ ಮೊದಲು, ಶುಕ್ರವಾರ.
ಚೆಂಡು ಬ್ಯಾಟು ಬಿಟ್ಟದ್ದು ಬೆಳಕಿನಲ್ಲಿ,
ನೆಲ ಮುಟ್ಟಿದ್ದು ಕತ್ತಲಲ್ಲಿ. ಕರೆಂಟು ಹೋಗಿತ್ತು.
ಗುಳ್ಳದ ಗದ್ದೆಯಲ್ಲಿ ಟಾರ್ಚು ಹಾಕಿ ಹುಡುಕಿದರು,
ಸಿಕ್ಕಿದ ದುಂಡಗಿನದೆಲ್ಲ ಬದನೆ.
ಜನರೇಟರು ಗುರುಗುಟ್ಟುವ ಹೊತ್ತಿಗೆ ನನ್ನ ಪೆನ್ನೆಲ್ಲೋ, ನಾನೆಲ್ಲೋ;
ಅಂಪಾಯರು ಹೊಸ ಚೆಂಡು ಕೊಟ್ಟ,
ನಾನು ಮುಂದಿನ ಬಾಲು ಬರೆದೆ. ಅದಕ್ಕೆ ಅವನು ಔಟು.
ಟೀಮು ಸೋತದ್ದು ಹನ್ನೊಂದು ರನ್ನಿಗೆ.
ಸೋತ ಲೆಕ್ಕವನ್ನು ಯಾರು ಕೂಡಿಸಿ ನೋಡುತ್ತಾರೆ?

ಮನೆಗೆ ಬಂದ ಮೇಲೆ ನಾನು ನೋಡಿದೆ.
ಐನೂರು ಆ ಹಳದಿ ಅಂಗಿಯದು,
ಕಂಕುಳಲ್ಲಿ ಹೊಲಿಗೆ ಬಿಟ್ಟಿದ್ದ ಅಂಗಿಯದು.
ಮಲ್ಪೆಯ ಲಾರಿ ಹತ್ತಿದ್ದು ಐನೂರ ಒಂದು.
ತಿದ್ದಬಹುದಿತ್ತು. ಗರ್ನಾಲು ಸಿಡಿದ ಮೇಲೆ ಹೇಗೆ ತಿದ್ದುವುದು?

ಹದಿನೆಂಟು ವರ್ಷ.
ಈಗ ಅವನು ಶಾಲೆಯ ವ್ಯಾನು ಓಡಿಸುತ್ತಾನೆ.
ಮೊನ್ನೆ ಮಗಳ ಕೈ ಹಿಡಿದು ಅಂಗಡಿಗೆ ಬಂದ,
ಕಂಕುಳಲ್ಲಿ ಪೇಪರಿನ ಪೊಟ್ಟಣ.
ಬಿಚ್ಚಿದರೆ ಹಳದಿ.
"ಇವಳ ಅಳತೆಗೆ ಸಣ್ಣದು ಮಾಡಿಕೊಡು, ಶಾಲೆಯ ಟೀಮಿಗೆ ಸೇರಿದ್ದಾಳೆ."
ಹದಿನಾಲ್ಕರಲ್ಲಿ ಇದೇ ಯಾಕೆ ಮಾರಾಯ, ಎಂದೆ.
ಅವನು ನನ್ನ ಟೇಪನ್ನು ನೋಡುತ್ತ ನಿಂತ.
"ಹೊಡೆದವನಿಗೂ ಎಣಿಸಲು ಬರುತ್ತದೆ, ದೂಮಣ್ಣ."

ಮಷೀನು ತುಳಿದೆ. ಸದ್ದು ಬೇಕಿತ್ತು.
ಎಷ್ಟಾಯಿತು, ಎಂದ.
ಆರು, ಎಂದೆ.
ಜೇಬು ತಡಕಿ ನಕ್ಕ.
"ಚಿಲ್ಲರೆ ಇಲ್ಲ.
ಪುಸ್ತಕದಲ್ಲಿ ಬರೆದುಕೋ."