ಚುಕ್ಕಿ ದುಗ್ಗಮ್ಮ

ಶಂಕರಘಟ್ಟದ ಗ್ರಂಥಾಲಯ, ಕೆಳಮಹಡಿ.
ಸ್ಕ್ಯಾನರಿನ ಹಸಿರು ಗೆರೆ ಹೋಗುತ್ತದೆ, ಬರುತ್ತದೆ,
ಬಟ್ಟೆ ನೇಯದ ಮಗ್ಗದ ಲಾಳಿ.
ಹಾಲೇಶಪ್ಪ ಹಳೆಯ ಪ್ರಬಂಧಗಳ ಬೆನ್ನು ಬಿಚ್ಚಿಕೊಡುತ್ತಾನೆ,
ನಾನು ಪುಟ ಮಗುಚುತ್ತೇನೆ
ನಿದ್ದೆಯ ಕೂಸಿಗೆ ಮಗ್ಗುಲು ಬದಲಿಸಿದ ಹಾಗೆ,
ದಿನಕ್ಕೆ ಒಂಬೈನೂರು.

ಮೊದಲ ತಕರಾರು ಊರಿನ ಹೆಸರಿನದು.
ಶಿವಮೊಗ್ಗ ಎಂದು ಹುಡುಕಿದರೆ ಸಾವಿರದ ನಲವತ್ತು,
ಶಿಮೊಗ್ಗ ಎಂದರೆ ಬೇರೆಯೇ ಆರುನೂರು.
ಒಂದೇ ಊರು, ನಡುವೆ ದಾಟಲು ದೋಣಿಯಿಲ್ಲ.
ಆಮೇಲೆ ಜನ:
ಟಿ. ಎಸ್. ರುದ್ರಮುನಿ, ರುದ್ರಮುನಿ ಟಿ. ಎಸ್.,
ರುದ್ರಮುನಿ ತರೀಕೆರೆ,
ಮತ್ತೆ ಯಾರೋ ಅವಸರದವರು ಹೊಡೆದ ರುದ್ರಮನಿ.
ನಾಲ್ವರನ್ನೂ ಹಿಡಿದು ಒಬ್ಬನನ್ನಾಗಿ ಮಾಡಲು
ಇಡೀ ಒಂದು ಮಧ್ಯಾಹ್ನ ಹಿಡಿಯಿತು.
ಇದಕ್ಕೂ ಸಂಬಳ ಕೊಡುತ್ತಾರೆಂದರೆ
ನಮ್ಮತ್ತೆ ಇನ್ನೂ ನಂಬಿಲ್ಲ.

ಯಂತ್ರಕ್ಕೆ ಕನ್ನಡ ಬರುವುದಿಲ್ಲವೆಂದಲ್ಲ.
ಒತ್ತಕ್ಷರ ಕಂಡರೆ ಮಾತ್ರ
ಕಾಗದದ ಕಲೆಯೆಂದು ಒರೆಸಿಬಿಡುತ್ತದೆ.
ಅಣ್ಣ ಅಣನಾಗುತ್ತಾನೆ, ಕಪ್ಪೆ ಕಪೆ,
ಬೆಸ್ತರ ಕೇರಿ ಬೆಸರ ಕೇರಿ.

ಲೇಡೀಸ್ ಹಾಸ್ಟೆಲ್ಲಿನ ಅಡುಗೆಮನೆಯಿಂದ
ಗುಣವತಿ ಬಂದಳು, ಕೈಯ ಈರುಳ್ಳಿ ವಾಸನೆಯ ಸಮೇತ.
"ಮೇಡಂ, ನಮ್ಮಜ್ಜಿ ಒಂದು ಮೀನಿನ ಹೆಸ್ರು ಹೇಳಿತ್ತಂತೆ,
ಯಾರೋ ಸಾರ್ ಬಂದು ಬರ್ಕಂಡು ಹೋದ್ರಂತೆ.
ತಿಂಗಳಗಣ್ಣಿ ಅಂತ.
ಡ್ಯಾಮ್ ನೀರು ನಿಂತ ಮೇಲೆ ಅದು ಬರ್ಲಿಲ್ಲ.
ನಿಮ್ಮ ಕಂಪ್ಯೂಟರ್ನಾಗೆ ಐತಾ?"

ಬೆರಳಚ್ಚಿಸಿದೆ. ಫಲಿತಾಂಶ ಸೊನ್ನೆ.
ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಮುಗಿದಿದೆ ಅಂದಾಗ
ಡಬ್ಬಿಯ ಕಡೆಗೊಮ್ಮೆ ನೋಡುತ್ತೇವಲ್ಲ,
ಹಾಗೆ ತನ್ನ ಕೈ ನೋಡಿಕೊಂಡಳು. ಹೋದಳು.

ನಾಲ್ಕು ದಿನ ಬೇಕಾಯಿತು.
ವಿಷಯವನ್ನು ತಾನೇ ಗುರುತಿಸುವ ಹೊಸ ತಂತ್ರಾಂಶ
ಒತ್ತು ಕಳೆದುಕೊಂಡ ಮೀನನ್ನು
'ತಿಂಗಳ ಗಣಿ' ಎಂದು ಓದಿ
ಗಣಿಗಾರಿಕೆಯ ಸಾಲಿಗೆ ತಳ್ಳಿತ್ತು.
ಕಬ್ಬಿಣದ ಅದಿರು, ಮ್ಯಾಂಗನೀಸು, ಲಾರಿಗಳ ಧೂಳು,
ಅವುಗಳ ನಡುವೆ ಎಷ್ಟು ವರ್ಷದಿಂದಲೋ
ಉಸಿರು ಬಿಗಿಹಿಡಿದು ಒಂದು ಮೀನು.

ರುದ್ರಮುನಿಯವರದೇ ಪ್ರಬಂಧ.
ಪುಟ ಇನ್ನೂರ ಹದಿಮೂರು, ಅನುಬಂಧ:
"ದುಗ್ಗಮ್ಮ, ಲಕ್ಕವಳ್ಳಿ, ವಯಸ್ಸು ಅಂದಾಜು ಅರವತ್ತು.
ಕಣ್ಣು ದೊಡ್ಡದು, ಬೆಳದಿಂಗಳಿಗೆ ಬಲೆಗೆ ಬೀಳುತ್ತಿತ್ತು ಎಂದರು.
ರುಚಿ ಹೇಗಿತ್ತೆಂದು ಕೇಳಿದ್ದಕ್ಕೆ
ನಕ್ಕರು."

ಆ ನಗುವನ್ನು ಯಾವ ಖಾನೆಗೆ ಹಾಕಲಿ?
ಲೇಖಕ ಇದೆ, ಮಾರ್ಗದರ್ಶಕ ಇದೆ, ಪರೀಕ್ಷಕ ಇದೆ,
ಪುಟಗಳ ಅಳತೆಗೂ ಸೆಂಟಿಮೀಟರಿನ ಖಾನೆ ಇದೆ.
ಹೇಳಿದವರು ಎಂಬುದಿಲ್ಲ.
ಒಬ್ಬಳೇ ಇದ್ದೆ. ಲೇಖಕರ ಕೆಳಗೆ
ಇನ್ನೊಂದು ಸಾಲು ತೆರೆದೆ.
ಮೊದಲ ಹೆಸರು: ದುಗ್ಗಮ್ಮ.
ಕೊನೆಯ ಹೆಸರು: ಕೆಂಪು ನಕ್ಷತ್ರ, ಕಡ್ಡಾಯ.
ಅಡುಗೆಮನೆಗೆ ಫೋನು ಮಾಡಿದೆ.
ಕುಕ್ಕರಿನ ಸೀಟಿಯ ಹಿಂದಿನಿಂದ ಗುಣವತಿ:
"ಅಡ್ಡಹೆಸ್ರಾ? ನಮಗೆಲ್ಲಿಂದ ಬರ್ಬೇಕು ಮೇಡಂ!"

ಒಂದು ಚುಕ್ಕಿ ಇಟ್ಟೆ.
ಚುಕ್ಕಿ ಇಟ್ಟರೆ ಬಾಗಿಲು ತೆರೆಯುತ್ತದೆ,
ಈ ಕೆಲಸದವರಿಗೆಲ್ಲ ಗೊತ್ತಿರುವ ಗುಟ್ಟು.
ಗೊತ್ತಿಲ್ಲದ್ದು ಮರುದಿನ ಕಂಡಿತು:
ಯಂತ್ರದ ವರ್ಣಮಾಲೆಯಲ್ಲಿ ಚುಕ್ಕಿ
ಅಕಾರಕ್ಕಿಂತ ಮೊದಲು.
ಲೇಖಕರ ಪಟ್ಟಿ ತೆರೆದರೆ
ಅಂಗಡಿ, ಅಜ್ಜಂಪುರ್, ಆಚಾರ್,
ಡೀನರು, ನಿವೃತ್ತ ಡೀನರು,
ಎಲ್ಲರ ಮುಂದೆ, ಬಲೆ ಹೆಗಲಿಗೆ ಹಾಕಿ
ಸಹಿ ಬಾರದ ದುಗ್ಗಮ್ಮ.

ಗುಣವತಿಗೆ ಪುಟದ ನಕಲು ಕೊಟ್ಟೆ.
'ನಕ್ಕರು' ಎಂಬಲ್ಲಿ ಬೆರಳಿಟ್ಟು
ತುಂಬಾ ಹೊತ್ತು ನಿಂತಳು, ಆಮೇಲೆ
ಸಾಂಬಾರು ಒಲೆಯ ಮೇಲಿದೆ ಎಂದು ಓಡಿದಳು.

ತಾಂತ್ರಿಕ ವಿಭಾಗದಿಂದ ಮೇಲ್ ಬಂದಿದೆ:
'ಪಟ್ಟಿಯ ಮೊದಲ ನಮೂದು ದೋಷಪೂರಿತ, ಸರಿಪಡಿಸಿ.'
ಪರಿಶೀಲನೆಯಲ್ಲಿದೆ ಎಂದು ಬರೆದಿದ್ದೇನೆ.
ಮೂರು ತಿಂಗಳಾಯಿತು.
ಹಾಲೇಶಪ್ಪ ಇನ್ನೊಂದರ ಬೆನ್ನು ಬಿಚ್ಚುತ್ತಿದ್ದಾನೆ,
ಸೀಬೆಹಣ್ಣಿನ ನೊಣಗಳ ಬಗ್ಗೆ, ಎರಡು ಸಂಪುಟ.
ನಾನು ಮೊದಲು
ಅನುಬಂಧ ನೋಡುತ್ತೇನೆ.