ಕಾಲಿಗಲ್ಲದ ಕುರ್ಚಿ

ನುವಾಕ್‌ಶಾತಿನ ವಿಮಾನ ಒಂದು ಗಂಟೆ ತಡ.
ಬಾಗಿಲ ಬಾಯಲ್ಲಿ ಗಾಲಿಕುರ್ಚಿ ಹಿಡಿದು ನಿಂತಿದ್ದೇನೆ.
ಕೈಯಲ್ಲಿ ಚೀಟಿ: ಸಿರಾ ದುಕುರೆ, ಅರವತ್ತೆಂಟು,
ನಡೆಯಲಾರರು, ಮುಂದಕ್ಕೆ ಓಸ್ಲೊ.
ಉಳಿದದ್ದು ನಲವತ್ತೊಂದು ನಿಮಿಷ.

ಕೂತ ರೀತಿಗೇ ನನಗೆ ಅನುಮಾನ ಬರಬೇಕಿತ್ತು.
ನೋವಿದ್ದವರು ಮೆಲ್ಲಗೆ ಕೂರುತ್ತಾರೆ, ಬಿಸಿನೀರಿಗೆ ಇಳಿದಂತೆ.
ಈಕೆ ಕೂತಳು, ಸಂತೆಯಲ್ಲಿ ತನ್ನ ಜಾಗ ಹಿಡಿದವಳ ಹಾಗೆ
ದಡಕ್ಕನೆ.
ಮಡಿಲಲ್ಲೊಂದು ಗಂಟು, ಮೊಣಕೈವರೆಗೆ ನೀಲಿ.

ಬಳಿದ ನೀಲಿಯಲ್ಲ. ಕಾಯೆದಿಯ ನದಿದಂಡೆಯಲ್ಲಿ
ಐವತ್ತು ವರ್ಷ ಬಣ್ಣದ ಹರವಿಗೆ ಅದ್ದಿದ ಕೈ,
ಉಗುರಿನ ಬುಡದಲ್ಲೇ ಮನೆ ಮಾಡಿದ ನೀಲಿ.
ತಪಾಸಣೆಯ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದ,
ಬಟ್ಟೆಚೂರಲ್ಲಿ ಒರೆಸಿ ಯಂತ್ರಕ್ಕೆ ತಿನ್ನಿಸಿದ.
ಯಂತ್ರ ಏನೂ ಅನ್ನಲಿಲ್ಲ.
ಎಂಟು ನಿಮಿಷ ಅಲ್ಲೇ ಹೋಯಿತು.

ಪ್ಯಾರಿಸ್ಸಿನ ಈ ನಿಲ್ದಾಣ ಹನ್ನೊಂದು ವರ್ಷದಿಂದ ನನಗೆ ಅನ್ನ ಹಾಕಿದೆ.
ಆದರೂ ಇದರ ತಲೆಬುಡ ನನಗೆ ಪೂರ್ತಿ ದಕ್ಕಿಲ್ಲ.
ಎರಡು ಎಂಬ ಟರ್ಮಿನಲ್ಲಿನೊಳಗೆ ಏಳು ಟರ್ಮಿನಲ್ಲು,
ಇ ಎಂಬುದರ ಹೊಟ್ಟೆಯೊಳಗೆ ಕೆ, ಎಲ್, ಎಂ.
ಬಾಣ ಮೇಲೆ ತೋರಿದರೆ ನೇರ ಹೋಗು ಅಂತ,
ಕೆಳಗೆ ತೋರಿದರೂ ನೇರ ಹೋಗು ಅಂತ.
ಹೋದ ಚಳಿಗಾಲ ಲಿಸ್ಬನ್ನಿನ ಒಬ್ಬ ಇಂಜಿನಿಯರು,
ಸೇತುವೆ ಕಟ್ಟುವವನಂತೆ,
ಅದೇ ಔಷಧಿ ಅಂಗಡಿಯೆದುರು ನಾಲ್ಕನೇ ಸಲ ಬಂದು ನಿಂತು
ನನ್ನ ತೋಳು ಹಿಡಿದು ಅತ್ತ.

ರೈಲು ಇಳಿದೆವು. ಲಿಫ್ಟಿನ ಮೇಲೆ ಹಾಳೆ ಅಂಟಿಸಿದೆ.
ಅವಳು ಹಾಳೆ ನೋಡಲಿಲ್ಲ, ನನ್ನ ಮುಖ ನೋಡಿದಳು.
‘ಏನು ಬರೆದಿದೆ?’
‘ಕೆಟ್ಟಿದೆ ಅಂತ. ಇನ್ನೊಂದು ಆ ತುದಿಗೆ, ಹತ್ತು ನಿಮಿಷ.’
‘ಮೆಟ್ಟಿಲು?’
‘ಇದೆ ಅಮ್ಮಾ, ಆದರೆ ನೀವು...’

ಎದ್ದಳು. ಗಂಟು ತಲೆಗೇರಿತು.
‘ಕುರ್ಚಿ ಕಾಲಿಗಲ್ಲ ಮಗಳೇ, ಅಕ್ಷರಕ್ಕೆ.
ಓದಲು ಬಾರದವರಿಗೆ ಫಾರ್ಮಿನಲ್ಲಿ ಕಾಲಂ ಇಲ್ಲವಂತೆ.
ನಡೆಯಲು ಬಾರದವರಿಗೆ ಇದೆಯಂತೆ.
ಟಿಕೆಟ್ಟಿನ ಹುಡುಗ ಹೇಳಿಕೊಟ್ಟ, ಪುಣ್ಯಾತ್ಮ.’

ಕಾಲಿಗೆ ಬುದ್ಧಿ ಹೇಳಬೇಕು ಅನ್ನುತ್ತಾರೆ,
ಆ ಕಾಲುಗಳಿಗೆ ಮೊದಲೇ ಇತ್ತು.
ಎರಡೆರಡು ಮೆಟ್ಟಿಲು, ತಲೆಯ ಗಂಟು ಅಲುಗದೆ.
ಹಿಂದೆ ನಾನು, ಮಡಚಿದ ಕುರ್ಚಿ ಹೊತ್ತು,
ಎದುಸಿರು ಬಿಡುತ್ತ, ಕೂರಬೇಕಾದವಳು ನಾನೇ ಎಂಬಂತೆ.

ಮೇಲೆ ಹೋದದ್ದೇ ಮತ್ತೆ ಕೂತಳು. ಕುರ್ಚಿಯ ಸಾಲು ಚಿಕ್ಕದು.
ಮುಖ ಸಪ್ಪಗೆ ಮಾಡಿಕೊಂಡು ಒಂದು ನರಳಿಕೆಯನ್ನೂ ಹೊರಡಿಸಿದಳು.
ಗಾಜಿನಾಚೆಯ ಪೊಲೀಸ್ ಅಯ್ಯೋ ಪಾಪ ಅಂತ
ಠಸ್ಸೆ ಒತ್ತಿದ.

ಆಮೇಲೆ ಉದ್ದನೆಯ ಓಣಿ. ತಳ್ಳುತ್ತಾ ಓಡುತ್ತಿದ್ದೇನೆ.
ಅವಳು ಗಂಟಿನ ತುದಿ ಬಿಚ್ಚಿ ಬಟ್ಟೆ ತೋರಿಸುತ್ತಾಳೆ:
‘ಇದು ನದಿ ಸೊರಗಿದ ವರ್ಷ. ಇದು ಸವತಿಯ ನಡಿಗೆ.
ಇಲ್ಲಿ ದಾರ ಬಿಗಿಯಾಯಿತು, ಜಗಳ ಆಡಿಕೊಂಡು ಕಟ್ಟಿದ್ದೆ.
ಓಸ್ಲೊದ ಶಾಲೆಯವರಿಗೆ ಇದು ಬೇಕಂತೆ, ಆರು ವಾರ ಕಲಿಸಬೇಕು.’
ನನಗೆ ಕಂಡದ್ದು ನೀಲಿ, ಅದರಲ್ಲಿ ಬಿಳಿ ಚುಕ್ಕೆ.

ಗೇಟಿನಲ್ಲಿ ಇಬ್ಬರು ಮಾತ್ರ ಉಳಿದಿದ್ದರು.
ನನ್ನ ಎದೆಯ ಬಿಲ್ಲೆ ಮುಟ್ಟಿ ‘ಇಲ್ಲೇನಿದೆ?’ ಅಂದಳು.
‘ನನ್ನ ಹೆಸರು. ತಸ್ಸಾದಿತ್.’
ಮೂರು ಸಲ ಹೇಳಿಕೊಂಡಳು,
ಅದ್ದಿ, ಎತ್ತಿ, ಗಾಳಿಗೆ ಹಿಡಿದು, ಮತ್ತೆ ಅದ್ದಿ.
ಸುರಂಗದೊಳಗೆ ನಡೆದೇ ಹೋದಳು. ಯಾರೂ ನೋಡಲಿಲ್ಲ.

ಪಾಳಿ ಮುಗಿಸುವಾಗ ಬ್ಲಾಂಡೀನಳ ಎದುರು ಫಾರ್ಮು ತುಂಬಿದೆ.
ಪ್ರಯಾಣಿಕರ ಸ್ಥಿತಿ: ನಡೆಯಲಾರರು.
ವಿಳಂಬ: ಇಲ್ಲ.
ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದೆ.